‘ಒಲ್ಲೆ’ ಎನ್ನುವ ನಾಲಿಗೆಗೂ ಒಂದು ದಾರಿ: ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ಮೆದು ಆಹಾರ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆದರೆ ಊಟ ಬಲ್ಲವನು ಯಾರು ಎಂಬ ಪ್ರಶ್ನೆಗೆ ಒಬ್ಬೊಬ್ಬರ ಬದುಕಿನಲ್ಲಿ ಒಂದೊಂದು ಉತ್ತರವಿದೆ. ಹೊಲದಲ್ಲಿ ದುಡಿದು ಬಂದವರಿಗೆ ನಾಲ್ಕು ಜೋಳದ ರೊಟ್ಟಿ ಉಣ್ಣುವುದು ಸಹಜವಾದ ಊಟ. ಸಕ್ಕರೆ ಕಾಯಿಲೆಯುಳ್ಳವರಿಗೆ ಹೊತ್ತಿಗೆ ಸರಿಯಾಗಿ ಮಿತವಾಗಿ ಉಣ್ಣುವುದೇ ಊಟದ ಬಲ್ಮೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗಾದರೋ, ಅರ್ಧ ಬಟ್ಟಲು ತೊವ್ವೆಯನ್ನು ಅರ್ಧ ತಾಸಿನಲ್ಲಿ ಸಾವಕಾಶವಾಗಿ ಉಂಡು ಮುಗಿಸುವುದೇ ಒಂದು ಸಾಧನೆಯಾಗಿ ಪರಿಣಮಿಸುತ್ತದೆ.

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಎಂದು ಕರೆಯಲಾಗುವ ಈ ಚಿಕಿತ್ಸೆ ಇಂದು ಮಹಾನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ನಮ್ಮ ಬಂಧುಬಳಗದಲ್ಲಿಯೇ ಇದನ್ನು ಮಾಡಿಸಿಕೊಂಡವರ ಸುದ್ದಿ ಆಗಾಗ ಕಿವಿಗೆ ಬೀಳುತ್ತದೆ. ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ವೈದ್ಯರು ವಿವರವಾಗಿ ತಿಳಿಹೇಳುತ್ತಾರೆ. ಮನೆಗೆ ಬಂದ ಮೇಲಿನ ಆರೇಳು ವಾರಗಳ ಊಟದ ವಿಷಯದಲ್ಲಿಯೂ ಆಸ್ಪತ್ರೆಯಿಂದ ಒಂದು ಮುದ್ರಿತ ಪಟ್ಟಿ ದೊರೆಯುತ್ತದೆ. ಆದರೆ ಆ ಪಟ್ಟಿಯಲ್ಲಿರುವ ಹತ್ತು ಪದಾರ್ಥಗಳಲ್ಲಿ ಎಂಟನ್ನು ಹುಟ್ಟಿದಾಗಿನಿಂದಲೂ ಒಲ್ಲೆ ಎನ್ನುತ್ತ ಬಂದವರು ಏನು ಮಾಡಬೇಕು? ಹಾಲಿನ ವಾಸನೆ ಆಗದವರು, ಮೊಸರನ್ನು ಮುಟ್ಟದವರು, ಬೇಯಿಸಿ ಹಿಸುಕಿದ ತರಕಾರಿಯನ್ನು ಕಂಡರೆ ಹೇಸಿಗೆಪಡುವವರು, ಕರುಕುರು ಎನ್ನದ ಯಾವುದನ್ನೂ ಬಾಯಿಗೆ ಹಾಕದವರು ನಮ್ಮ ಪ್ರತಿ ಮನೆಯಲ್ಲಿಯೂ ಒಬ್ಬರಾದರೂ ಇದ್ದಾರೆ. ಇಂಥ ಆರಿಸಿ ಉಣ್ಣುವವರಿಗೂ ಅವರಿಗೆ ಅಡುಗೆ ಮಾಡಿ ಬಡಿಸುವವರಿಗೂ ನೆರವಾಗಲೆಂಬ ಉದ್ದೇಶದಿಂದ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ಹೊಟ್ಟೆಯೊಳಗೆ ಆಗುವ ಬದಲಾವಣೆ

ಈ ಚಿಕಿತ್ಸೆಯ ಚರಿತ್ರೆ ತೀರ ಹಳೆಯದಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಡಾ. ಎಡ್ವರ್ಡ್ ಮೇಸನ್ ಅವರು 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಇಂದು ಹೆಚ್ಚಾಗಿ ನಡೆಯುವವು ಎರಡು ಬಗೆ. ಮೊದಲನೆಯದಾದ ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚನ್ನು ತೆಗೆದುಹಾಕಿ, ಬಾಳೆಹಣ್ಣಿನ ಆಕಾರದ ಒಂದು ಕಿರಿದಾದ ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಎರಡನೆಯದಾದ ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲವನ್ನು ರೂಪಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಮೂವತ್ತು ಮಿಲಿಲೀಟರ್ ಎಂದರೆ ನಾಲ್ಕಾರು ಚಹಾ ಚಮಚದಷ್ಟು ಮಾತ್ರ.

ಚಿಕಿತ್ಸೆ ಯಾರಿಗೆ ಬೇಕೆಂಬುದನ್ನು ದೇಹ ತೂಕ ಸೂಚ್ಯಂಕ ಮತ್ತು ಜೊತೆಯಲ್ಲಿರುವ ರೋಗಗಳನ್ನು ನೋಡಿ ನಿರ್ಧರಿಸುತ್ತಾರೆ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸೂಚ್ಯಂಕ ದೊರೆಯುತ್ತದೆ. ಅಂತರರಾಷ್ಟ್ರೀಯ ತಜ್ಞಸಂಘಗಳು 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ 35 ಮತ್ತು ಅದಕ್ಕಿಂತ ಹೆಚ್ಚಿನ ಸೂಚ್ಯಂಕವುಳ್ಳವರಿಗೆ ಈ ಚಿಕಿತ್ಸೆಯನ್ನು ಸೂಚಿಸಬಹುದು. ಏಷ್ಯಾದ ಜನರಲ್ಲಿ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಮುಂತಾದವು ತಲೆದೋರುವುದರಿಂದ 27.5ರಿಂದಲೇ ಇದನ್ನು ಪರಿಗಣಿಸಬಹುದೆಂದು ಅದು ಹೇಳುತ್ತದೆ.

ಜಠರ ಚಿಕ್ಕದಾಗುವುದರ ಜೊತೆಗೆ ಹಸಿವೆಯ ಸ್ವರೂಪವೇ ಬದಲಾಗುತ್ತದೆ. ಹಸಿವೆಯನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳಾದ ಕೊಜಿಮಾ ಮತ್ತು ಕಂಗಾವಾ ಅವರು 1999ರಲ್ಲಿ ಕಂಡುಹಿಡಿದರು. ಇದು ಬಹುಪಾಲು ಜಠರದ ಮೇಲ್ಭಾಗದಲ್ಲಿ ಉತ್ಪತ್ತಿಯಾಗುತ್ತದೆ. ಸ್ಲೀವ್ ಚಿಕಿತ್ಸೆಯಲ್ಲಿ ಆ ಭಾಗವೇ ಹೊರಟುಹೋಗುವುದರಿಂದ ಮೊದಲ ತಿಂಗಳುಗಳಲ್ಲಿ ಅನೇಕರಿಗೆ ಹಸಿವೆಯೇ ಆಗುವುದಿಲ್ಲ. ರುಚಿ ಮತ್ತು ವಾಸನೆಗಳ ಗ್ರಹಿಕೆಯೂ ಬದಲಾಗುತ್ತದೆ. ನಿನ್ನೆಯವರೆಗೆ ಪ್ರಿಯವಾಗಿದ್ದ ಸಿಹಿ ಇಂದು ವಾಕರಿಕೆ ತರಿಸಬಹುದು.

ಆರಿಸಿ ಉಣ್ಣುವವರ ತೊಡಕು ಇಲ್ಲಿಯೇ ಇದೆ. ಸಾಮಾನ್ಯ ದಿನಗಳಲ್ಲಿ ಬೇಡವಾದುದನ್ನೂ ಹಸಿವೆ ಹೇಗೋ ತಿನ್ನಿಸುತ್ತದೆ. ಈಗ ಆ ನೂಕುಬಲವಿಲ್ಲ. ಹಸಿವೆಯೂ ಇಲ್ಲದೆ ರುಚಿಯೂ ಇಲ್ಲದೆ ಉಣ್ಣಬೇಕಾದ ದಿನಗಳಿವು. ಆದ್ದರಿಂದ ‘ಹಸಿವಾದರೆ ತಾನೇ ತಿನ್ನುತ್ತಾಳೆ’ ಎಂಬ ಹಿರಿಯರ ಮಾತು ಈ ಹೊತ್ತಿನಲ್ಲಿ ಸಲ್ಲುವುದಿಲ್ಲ.

ಮೆದು ಊಟದ ಮೆಟ್ಟಿಲುಗಳು

ಆಸ್ಪತ್ರೆಯಿಂದ ಆಸ್ಪತ್ರೆಗೆ ಕ್ರಮದಲ್ಲಿ ಸಣ್ಣ ವ್ಯತ್ಯಾಸಗಳಿದ್ದರೂ ಸ್ಥೂಲವಾಗಿ ಮೆಟ್ಟಿಲುಗಳು ಹೀಗಿರುತ್ತವೆ. ಮೊದಲ ಒಂದೆರಡು ದಿನ ನೀರು, ತಿಳಿಯಾದ ಬೇಳೆಕಟ್ಟು, ಸೋಸಿದ ಎಳನೀರಿನಂಥ ತಿಳಿ ದ್ರವಗಳು. ಆನಂತರ ಎರಡು ವಾರಗಳವರೆಗೆ ಹಾಲು, ಮಜ್ಜಿಗೆ, ಸೋಸಿದ ಸೂಪು ಮುಂತಾದ ದ್ರವಾಹಾರ. ಮೂರನೆಯ ವಾರದಿಂದ ನುಣ್ಣಗೆ ಅರೆದ ಆಹಾರ. ನಾಲ್ಕೈದನೆಯ ವಾರದಿಂದ ಚಮಚದಿಂದ ಒತ್ತಿದರೆ ಹಿಸುಕಿಹೋಗುವಂಥ ಮೆದು ಆಹಾರ. ಆರರಿಂದ ಎಂಟು ವಾರಗಳ ನಂತರ ನಿಧಾನವಾಗಿ ಮಾಮೂಲಿ ಊಟ. ಜಠರಕ್ಕೆ ಹಾಕಿದ ಹೊಲಿಗೆಯ ಸಾಲು ಮಾಯಲು ಬೇಕಾದ ಕಾಲಾವಕಾಶ ಇದು. ನಾಲಿಗೆಗೆ ಬೇಸರ ಬಂದಿತೆಂದು ಒಂದು ಮೆಟ್ಟಿಲನ್ನು ಹಾರಿ ಮುಂದಿನದಕ್ಕೆ ಕಾಲಿಡುವುದು ಅಪಾಯಕರ. ವೈದ್ಯರು ಕೊಟ್ಟ ಪಟ್ಟಿಗೂ ಇಲ್ಲಿ ಹೇಳಿದುದಕ್ಕೂ ವ್ಯತ್ಯಾಸ ಕಂಡರೆ ವೈದ್ಯರ ಪಟ್ಟಿಯನ್ನೇ ಅನುಸರಿಸತಕ್ಕದ್ದು.

ಎಲ್ಲ ಮೆಟ್ಟಿಲುಗಳಿಗೂ ಅನ್ವಯಿಸುವ ಕೆಲವು ನಿಯಮಗಳಿವೆ. ತುತ್ತು ಚಿಕ್ಕ ಚಮಚದಷ್ಟಿರಬೇಕು. ಪ್ರತಿ ತುತ್ತನ್ನೂ ಇಪ್ಪತ್ತರಿಂದ ಮೂವತ್ತು ಬಾರಿ ಅಗಿದು, ಬಾಯಿಯಲ್ಲಿಯೇ ಹಿಟ್ಟಾದ ಮೇಲೆ ನುಂಗಬೇಕು. ಒಂದು ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಊಟದೊಡನೆ ನೀರು ಕುಡಿಯಬಾರದು. ಉಂಡು ಅರ್ಧ ತಾಸಿನ ನಂತರ ಗುಟುಕು ಗುಟುಕಾಗಿ ಕುಡಿಯಬೇಕು. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ದ್ರವ ದೇಹಕ್ಕೆ ಸೇರಬೇಕು. ಸಾಕು ಎನಿಸಿದ ಕೂಡಲೇ ನಿಲ್ಲಿಸಬೇಕು. ಕೆಲವರಲ್ಲಿ ಆ ಸೂಚನೆ ಬಿಕ್ಕಳಿಕೆಯಾಗಿ, ಮೂಗಿನಲ್ಲಿ ನೀರಾಗಿ, ಎದೆಯ ನಡುವೆ ಒತ್ತಡವಾಗಿ ತೋರಬಹುದು.

ಮೂರು ಬಗೆಯ ‘ಒಲ್ಲೆ’

ಒಲ್ಲೆ ಎಂಬುದು ಒಂದೇ ಮಾತಾದರೂ ಈ ದಿನಗಳಲ್ಲಿ ಅದರ ಹಿಂದೆ ಮೂರು ಬೇರೆ ಬೇರೆ ಕಾರಣಗಳಿರುತ್ತವೆ. ಅವುಗಳನ್ನು ಬೇರ್ಪಡಿಸಿ ಅರಿಯುವುದೇ ಆರೈಕೆಯ ಮುಖ್ಯ ಕೆಲಸವೆಂದು ನಾವು ಭಾವಿಸುತ್ತೇವೆ.

ಮೊದಲನೆಯದು ನಾಲಿಗೆಯ ಒಲ್ಲೆ. ಪದಾರ್ಥದ ವಾಸನೆ, ಬಣ್ಣ, ಲೋಳೆತನ ಅಥವಾ ಮೆತ್ತಗಿನ ಗುಣ ಆಗದೆ ಬರುವಂಥದು. ಇದು ಸೊಕ್ಕಲ್ಲ, ಹಟವೂ ಅಲ್ಲ. ಕೆಲವರ ನಾಲಿಗೆ ಮತ್ತು ಮೂಗು ಹುಟ್ಟಿನಿಂದಲೇ ಹೆಚ್ಚು ಸೂಕ್ಷ್ಮವಾಗಿರುತ್ತವೆ. ಇಂಥ ತಿರಸ್ಕಾರ ಅತಿಯಾಗಿ ಪೋಷಣೆಗೇ ಕುಂದು ತರುವ ಸ್ಥಿತಿಯನ್ನು ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಒಂದು ಪ್ರತ್ಯೇಕ ಕಾಯಿಲೆಯೆಂದೇ ಗುರುತಿಸಿದೆ. ನಾಲಿಗೆಯ ಒಲ್ಲೆಗೆ ಉತ್ತರ ಅಡುಗೆಮನೆಯಲ್ಲಿದೆ.

ಎರಡನೆಯದು ಹೊಟ್ಟೆಯ ಒಲ್ಲೆ. ರುಚಿ ಹಿಡಿಸಿದರೂ ತುತ್ತು ಕೆಳಗಿಳಿಯುವುದಿಲ್ಲ, ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತದೆ, ನೊರೆನೊರೆಯಾದ ಲಾಲಾರಸ ಬಾಯಿಗೆ ಬರುತ್ತದೆ. ತುತ್ತು ದೊಡ್ಡದಾಗಿತ್ತು, ಅವಸರವಾಯಿತು, ಒಣಗಿತ್ತು ಅಥವಾ ಅಂಟಾಗಿತ್ತು ಎಂಬುದರ ಸೂಚನೆ ಇದು. ಆ ಊಟವನ್ನು ಅಲ್ಲಿಗೇ ನಿಲ್ಲಿಸಿ, ಮುಂದಿನ ಹೊತ್ತಿಗೆ ತೆಳುವಾದುದನ್ನು ಕೊಡಬೇಕು. ಅದೇ ಪದಾರ್ಥವನ್ನು ಎಂಟು ಹತ್ತು ದಿನಗಳ ನಂತರ ಮತ್ತೆ ಪ್ರಯತ್ನಿಸಬಹುದು.

ಮೂರನೆಯದು ರೋಗದ ಒಲ್ಲೆ. ನೀರೂ ಸಹ ಹೊಟ್ಟೆಯಲ್ಲಿ ನಿಲ್ಲದಿರುವುದು, ಪದೇ ಪದೇ ವಾಂತಿ, ಜ್ವರ, ತೀವ್ರ ಹೊಟ್ಟೆನೋವು, ಏರಿದ ಎದೆಬಡಿತ, ಉಸಿರುಗಟ್ಟುವಿಕೆ, ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಕಪ್ಪು ಮಲ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಸಂಪರ್ಕಿಸಬೇಕು. ‘ಮೊದಲಿನಿಂದಲೂ ಇವನದು ಇದೇ ರೀತಿ’ ಎಂದು ಮನೆಯವರು ನಗುತ್ತ ತಳ್ಳಿಹಾಕುವ ಸಂಭವ ಆರಿಸಿ ಉಣ್ಣುವವರ ವಿಷಯದಲ್ಲಿ ಹೆಚ್ಚು. ಆದ್ದರಿಂದಲೇ ಅವರು ಹೆಚ್ಚು ಅಪಾಯದಲ್ಲಿರುತ್ತಾರೆ.

ನಾಲಿಗೆಯ ಗುಣವರಿತ ಅಡುಗೆ

ನಾಲಿಗೆಯ ಒಲ್ಲೆಯನ್ನು ಬಲವಂತದಿಂದ ಗೆಲ್ಲಲಾಗದು. ಒಪ್ಪಿಗೆಯಾದ ಒಂದು ಪದಾರ್ಥದಿಂದ ಹೊರಟು, ಅದರ ಪಕ್ಕದ ಮನೆಗೆ ಹೋಗುವಂತೆ ಒಂದೊಂದೇ ಹೆಜ್ಜೆ ಇಡಬೇಕು. ಉದಾಹರಣೆಗೆ, ಬೇಳೆಕಟ್ಟಿನ ಸಾರನ್ನು ಮಾತ್ರ ಒಪ್ಪುವವರಿಗೆ ಅದೇ ಒಗ್ಗರಣೆಯ ಪರಿಮಳದಲ್ಲಿ ಕೊಂಚ ಗಟ್ಟಿಯಾದ ಸಾರು, ಆಮೇಲೆ ನುಣುಪಾದ ಹೆಸರುಬೇಳೆ ತೊವ್ವೆ, ಆಮೇಲೆ ಅದಕ್ಕೆ ಒಂದು ಚಮಚ ಬೆಂದ ಕುಂಬಳಕಾಯಿ ಸೇರಿಸಿದ ತೊವ್ವೆ. ಪರಿಮಳ ಅದೇ, ಬಟ್ಟಲು ಅದೇ. ಬದಲಾದುದು ಗಟ್ಟಿತನ ಮಾತ್ರ. ಹೊಸ ರುಚಿಯನ್ನು ಮಕ್ಕಳು ಒಪ್ಪಿಕೊಳ್ಳಬೇಕಾದರೆ 8ರಿಂದ 15 ಬಾರಿಯಾದರೂ ಅದನ್ನು ಸವಿದು ನೋಡಬೇಕಾಗುತ್ತದೆಂದು ಪೋಷಣತಜ್ಞರು ಹೇಳುತ್ತಾರೆ. ದೊಡ್ಡವರ ನಾಲಿಗೆಗೂ ಇಂಥದೇ ತಾಳ್ಮೆ ಬೇಕು. ಒಂದು ಚಮಚದ ತುದಿಯಷ್ಟು ರುಚಿ ನೋಡಿ, ಬೇಡವೆನಿಸಿದರೆ ಬಿಡುವ ಸ್ವಾತಂತ್ರ್ಯವನ್ನು ಅವರಿಗೆ ಕೊಡಬೇಕು.

ಲೋಳೆಯಾದುದು ಆಗದವರಿಗೆ ನುಣ್ಣಗೆ ಅರೆದ ಹಂತವೇ ಅತ್ಯಂತ ಕಷ್ಟದ್ದು. ಅವರಿಗೆ ಅರೆದ ಪದಾರ್ಥವನ್ನು ಬಟ್ಟಲಿನಲ್ಲಿ ಕೊಡುವ ಬದಲು ತೆಳುವಾಗಿಸಿ ಲೋಟದಲ್ಲಿ ಕುಡಿಯಲು ಕೊಟ್ಟರೆ ಸುಲಭವಾಗುತ್ತದೆ. ಮೆದು ಹಂತಕ್ಕೆ ಬಂದೊಡನೆ ಮನೆಯಲ್ಲಿಯೇ ಹಾಲೊಡೆದು ಮಾಡಿದ ಮೆತ್ತನೆಯ ಪನೀರಿನ ಪುಡಿ, ಮಜ್ಜಿಗೆಯಲ್ಲಿ ಪುಡಿಮಾಡಿ ನೆನೆಸಿದ ನುಚ್ಚಿನ ಉಂಡೆ ಮುಂತಾದ ಹರಳುಹರಳಾದ ಆದರೆ ಮೆದುವಾದ ತಿನಿಸುಗಳು ಇಂಥವರಿಗೆ ಹೆಚ್ಚು ಹಿಡಿಸುತ್ತವೆ.

ಹಾಲಿನ ವಾಸನೆ ಆಗದವರಿಗೆ ಬಿಸಿ ಹಾಲನ್ನು ಕೊಡಬಾರದು. ಬಿಸಿಯಲ್ಲಿ ವಾಸನೆ ಹೆಚ್ಚು ಹರಡುತ್ತದೆ, ತಣ್ಣಗಾದಾಗ ತಗ್ಗುತ್ತದೆ. ಏಲಕ್ಕಿ ಹಾಕಿದ ತಣ್ಣನೆಯ ಹಾಲು, ಜೀರಿಗೆ ಪುಡಿ ಹಾಕಿದ ಮಜ್ಜಿಗೆ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಹುಳಿಯಿಲ್ಲದ ಗಟ್ಟಿ ಮೊಸರು ಇವುಗಳನ್ನು ಒಂದೊಂದಾಗಿ ಪ್ರಯತ್ನಿಸಬಹುದು. ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಹಾಲು ಜೀರ್ಣವಾಗದೆ ಹೊಟ್ಟೆಯುಬ್ಬರ, ಭೇದಿ ಕಾಣಿಸುವುದುಂಟು. ಅಂಥವರಿಗೆ ಸೋಯಾ ಹಾಲು, ಅದರಿಂದ ಮಾಡಿದ ತೋಫು ಪರ್ಯಾಯವಾಗಬಲ್ಲವು.

ಕರುಕುರು ಎನ್ನುವುದನ್ನೇ ಬಯಸುವವರಿಗೆ ಖಡಕ್ ರೊಟ್ಟಿಯ ನೆನಪು ಬಹಳವಾಗಿ ಕಾಡುತ್ತದೆ. ಈ ಹಂತದಲ್ಲಿ ಆ ಆಸೆಯನ್ನು ಪೂರೈಸಲಾಗದು. ಆದರೆ ರೊಟ್ಟಿಯೊಡನೆ ಅವರು ಸವಿಯುತ್ತಿದ್ದ ಜುಣಕದ ರುಚಿಯನ್ನು ಕಡಲೆಹಿಟ್ಟಿನ ತೆಳ್ಳನೆಯ, ಖಾರವಿಲ್ಲದ ಜುಣಕವಾಗಿ ಕೊಡಬಹುದು. ಜೀರಿಗೆ, ಕರಿಬೇವು, ಇಂಗು, ಕೊತ್ತಂಬರಿಗಳ ಪರಿಮಳಕ್ಕೆ ಅಡ್ಡಿಯಿಲ್ಲ. ಒಗ್ಗರಣೆಯ ಕಾಳುಗಳನ್ನು ಮಾತ್ರ ಸೋಸಿ ತೆಗೆಯಬೇಕು. ಖಾರದ ಪುಡಿಯನ್ನೂ ಹೆಚ್ಚಿನ ಎಣ್ಣೆಯನ್ನೂ ಸದ್ಯಕ್ಕೆ ದೂರವಿಡಬೇಕು.

ಒಂದರೊಡನೊಂದು ಬೆರೆತರೆ ಆಗದವರಿಗೆ ಚಿಕ್ಕ ಚಿಕ್ಕ ಬಟ್ಟಲುಗಳಲ್ಲಿ ಬೇರೆ ಬೇರೆಯಾಗಿಯೇ ಬಡಿಸಬೇಕು. ಎಲ್ಲವನ್ನೂ ಮಿಕ್ಸರಿನಲ್ಲಿ ಹಾಕಿ ಒಂದೇ ಬಣ್ಣದ ಮುದ್ದೆಯಾಗಿಸಿದರೆ ಯಾರಿಗಾದರೂ ಮನಸ್ಸು ಬಾರದು. ಬೇಳೆ ಹಳದಿಯಾಗಿಯೇ, ಗಜ್ಜರಿ ಕೆಂಪಾಗಿಯೇ ಕಂಡರೆ ಕಣ್ಣು ಒಪ್ಪುತ್ತದೆ.

ಇನ್ನು, ಮೆತ್ತಗಿರುವುದೆಲ್ಲವೂ ಈ ಹಂತಕ್ಕೆ ಸಲ್ಲುವುದಿಲ್ಲವೆಂಬುದನ್ನು ನೆನಪಿಡಬೇಕು. ರಾಗಿಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ದಕ್ಷಿಣದ ಜಿಲ್ಲೆಗಳ ರೂಢಿ. ಅಂಥ ತುತ್ತು ಕಿರಿದಾದ ಜಠರದಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಸಿ ಚಪಾತಿ, ಬ್ರೆಡ್ಡು, ಅಂಟಾದ ಅನ್ನ, ಸಾಬುದಾನಿಗಳೂ ಹೀಗೆಯೇ ಹಿಟ್ಟಿನ ಉಂಡೆಯಂತಾಗುತ್ತವೆ. ಅದೇ ರಾಗಿಯನ್ನು ತೆಳುವಾದ ಅಂಬಲಿಯಾಗಿ, ಜೋಳದ ನುಚ್ಚನ್ನು ಚೆನ್ನಾಗಿ ಬೇಯಿಸಿ ಮಜ್ಜಿಗೆಯಲ್ಲಿ ಕದಡಿ ಕೊಡಬಹುದು. ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸಿನಲ್ಲಿ ಕ್ಯಾಲ್ಸಿಯಂ ಇದೆಯೆಂಬುದು ನಿಜ. ಆದರೆ ಅದರ ಪ್ರೋಟೀನು 7 ಗ್ರಾಂ ಮಾತ್ರ. ಆದ್ದರಿಂದ ಅಂಬಲಿಯೊಂದನ್ನೇ ನೆಚ್ಚಲಾಗದು.

ಪ್ರೋಟೀನಿನ ಲೆಕ್ಕಾಚಾರ

ತೂಕ ವೇಗವಾಗಿ ಇಳಿಯುವಾಗ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಗಾಯ ಮಾಯುವುದಕ್ಕೂ ಮಾಂಸಖಂಡ ಉಳಿಯುವುದಕ್ಕೂ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆಂಬುದು ಸಾಮಾನ್ಯ ನಿಯಮ. ಸಸ್ಯಾಹಾರಿಗಳಾದ ನಮಗೆ, ಅದರಲ್ಲಿಯೂ ಆರಿಸಿ ಉಣ್ಣುವವರಿಗೆ, ಇದು ತಾನಾಗಿ ದೊರೆಯುವುದಿಲ್ಲ. ಲೆಕ್ಕ ಹಾಕಿಯೇ ಬಡಿಸಬೇಕು.

ಮೆದು ಹಂತದ ಒಂದು ದಿನವನ್ನು ಮಾದರಿಯಾಗಿ ನೋಡೋಣ. ಬೆಳಗ್ಗೆ 150 ಮಿಲಿಲೀಟರ್ ಕೆನೆ ತೆಗೆದ ಹಾಲಿಗೆ ಎರಡು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ ಬೆರೆಸಿದರೆ ಸುಮಾರು 10 ಗ್ರಾಂ. ಎರಡು ತಾಸಿನ ನಂತರ 40 ಗ್ರಾಂ ಮೆತ್ತನೆಯ ಪನೀರಿನಿಂದ 7 ಗ್ರಾಂ. ಮಧ್ಯಾಹ್ನ 30 ಗ್ರಾಂ ಒಣ ಹೆಸರುಬೇಳೆಯಿಂದ ಮಾಡಿದ ತೊವ್ವೆಯಿಂದ 7 ಗ್ರಾಂ. ಇಳಿಹೊತ್ತಿನಲ್ಲಿ 80 ಗ್ರಾಂ ನೀರಿಳಿಸಿದ ಗಟ್ಟಿ ಮೊಸರಿನಿಂದ 6 ಗ್ರಾಂ. ರಾತ್ರಿ 50 ಗ್ರಾಂ ಪನೀರನ್ನು ಬೆಂದ ಕುಂಬಳಕಾಯಿಯೊಡನೆ ಹಿಸುಕಿ ಕೊಟ್ಟರೆ 9 ಗ್ರಾಂ. ಮಲಗುವ ಮುನ್ನ 100 ಮಿಲಿಲೀಟರ್ ಹಾಲಿನಿಂದ 3 ಗ್ರಾಂ. ಇವೆಲ್ಲವನ್ನೂ ಕೂಡಿಸಿದರೂ 42 ಗ್ರಾಂ ಆಗುತ್ತದೆಯೇ ಹೊರತು 60ನ್ನು ಮುಟ್ಟುವುದಿಲ್ಲ. ಉಳಿದ 18–20 ಗ್ರಾಂಗಳಿಗಾಗಿಯೇ ವೈದ್ಯರು ಪ್ರೋಟೀನ್ ಪುಡಿಯನ್ನು ಬರೆದುಕೊಡುತ್ತಾರೆ. ಅದನ್ನು ಶ್ರೀಮಂತರ ವಿಲಾಸವೆಂದೋ ವ್ಯಾಯಾಮ ಮಾಡುವ ಹುಡುಗರ ವಸ್ತುವೆಂದೋ ತಿಳಿದು ಬದಿಗಿಡಬಾರದು.

ಪುಡಿಯ ಸಿಹಿಯೇ ಆಗದವರು ಸಿಹಿಯಿಲ್ಲದ, ಪರಿಮಳವಿಲ್ಲದ ಪುಡಿಯನ್ನು ಕೇಳಿ ಪಡೆಯಬೇಕು. ಅದನ್ನು ಕುದಿಯುವ ಸಾರಿಗೆ ಹಾಕಿದರೆ ಗಂಟುಕಟ್ಟುತ್ತದೆ. ಮೊದಲು ಸ್ವಲ್ಪ ತಣ್ಣೀರಿನಲ್ಲಿ ಕದಡಿ, ಉಗುರುಬೆಚ್ಚಗಾದ ಸಾರಿಗೋ ತೊವ್ವೆಗೋ ಬೆರೆಸಿದರೆ ಒಳಗೆ ಪುಡಿಯಿದೆಯೆಂಬುದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಬಟ್ಟಲಿನಲ್ಲಿ ಏನೇ ಇರಲಿ, ಮೊದಲ ತುತ್ತುಗಳು ಪ್ರೋಟೀನುಳ್ಳ ಪದಾರ್ಥದ್ದಾಗಿರಬೇಕು. ತರಕಾರಿ ಎರಡನೆಯದು, ಅನ್ನ, ನುಚ್ಚುಗಳು ಕೊನೆಗೆ, ಜಾಗವುಳಿದರೆ ಮಾತ್ರ.

ಎಷ್ಟೇ ಚೆನ್ನಾಗಿ ಉಂಡರೂ ಈ ಚಿಕಿತ್ಸೆಯ ನಂತರ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಮಾತ್ರೆಗಳನ್ನು ವೈದ್ಯರು ಹೇಳಿದಂತೆ ಜೀವನಪರ್ಯಂತ ತೆಗೆದುಕೊಳ್ಳಬೇಕಾಗುತ್ತದೆ. ಮಾಂಸಾಹಾರಿಗಳಿಗಿಂತ ಸಸ್ಯಾಹಾರಿಗಳಲ್ಲಿ ಬಿ12ರ ಕೊರತೆ ಮೊದಲೇ ಇರುವ ಸಂಭವ ಹೆಚ್ಚು. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ಎರಡು ತಾಸಿನ ಅಂತರವಿರಬೇಕು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಹಳೆಯ ಮಾತ್ರೆಗಳ ಪ್ರಮಾಣವನ್ನು ಹೊಸದಾಗಿ ನಿಗದಿಪಡಿಸಿಕೊಳ್ಳಬೇಕು. ಊಟ ತಗ್ಗಿದ ಮೇಲೂ ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಸುಲಭವಾಗಿ ಜಾರುವ ತಿನಿಸುಗಳು

ಬೇಳೆಯೂ ಬೇಡ, ಪನೀರೂ ಬೇಡ, ಮೊಸರೂ ಬೇಡ ಎನ್ನುವ ನಾಲಿಗೆ ಕೊನೆಗೆ ಎಲ್ಲಿಗೆ ಹೋಗುತ್ತದೆ? ಐಸ್‌ಕ್ರೀಮಿಗೆ, ಚಹಾದಲ್ಲಿ ಅದ್ದಿದ ಬಿಸ್ಕತ್ತಿಗೆ, ಹಣ್ಣಿನ ರಸಕ್ಕೆ, ಸಜ್ಜಕಕ್ಕೆ. ಇವು ಮೆತ್ತಗಿವೆ, ನಾಲಿಗೆಗೆ ಹಿತವಾಗಿವೆ, ಜಠರದಲ್ಲಿ ನಿಲ್ಲದೆ ಜಾರಿಹೋಗುತ್ತವೆ. ಹಾಗೆ ಜಾರುವುದರಿಂದಲೇ ಎಷ್ಟು ತಿಂದರೂ ಹೊಟ್ಟೆ ತುಂಬಿದ ಅನುಭವವಾಗುವುದಿಲ್ಲ. ಪ್ರೋಟೀನು ಸೊನ್ನೆಗೆ ಸಮೀಪ, ಸಕ್ಕರೆ ಮಾತ್ರ ಹೇರಳ. ಗ್ಯಾಸ್ಟ್ರಿಕ್ ಬೈಪಾಸ್ ಆದವರಲ್ಲಿ ಇಂಥ ಸಿಹಿ ಒಮ್ಮೆಲೇ ಸಣ್ಣ ಕರುಳಿಗಿಳಿದು ಬೆವರು, ಎದೆಬಡಿತ, ತಲೆಸುತ್ತು, ಹೊಟ್ಟೆನುಲಿತ, ಭೇದಿಗಳನ್ನುಂಟುಮಾಡುತ್ತದೆ. ಇದಕ್ಕೆ ಡಂಪಿಂಗ್ ಸಿಂಡ್ರೋಮ್ ಎಂದು ಹೆಸರು.

‘ಏನನ್ನೂ ತಿನ್ನುತ್ತಿಲ್ಲ, ಇದನ್ನಾದರೂ ತಿನ್ನಲಿ’ ಎಂಬ ಕರುಣೆಯಿಂದ ಮನೆಯವರೇ ಇವನ್ನು ತಂದುಕೊಡುವುದುಂಟು. ಆ ಕರುಣೆಯ ಹಿಂದಿನ ಪ್ರೀತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಷ್ಟು ಕಷ್ಟ, ಇಷ್ಟು ಖರ್ಚಿನ ನಂತರ ತೂಕ ಮರಳಿ ಏರುವುದಕ್ಕೂ, ಒಂದೆಡೆ ಕೊಬ್ಬು ಉಳಿದು ಇನ್ನೊಂದೆಡೆ ಶಕ್ತಿ ಕುಂದುವುದಕ್ಕೂ ಈ ತಿನಿಸುಗಳೇ ಹೆಬ್ಬಾಗಿಲಾಗುತ್ತವೆ. ಮೂರನೆಯ ತಿಂಗಳಿನಿಂದ ಕೂದಲು ಉದುರುವುದು ಈ ಚಿಕಿತ್ಸೆಯಲ್ಲಿ ಸಾಮಾನ್ಯ. ಬಹುತೇಕರಲ್ಲಿ ಅದು ತಾನಾಗಿ ನಿಲ್ಲುತ್ತದೆ. ಪ್ರೋಟೀನು ಮತ್ತು ಕಬ್ಬಿಣದ ಕೊರತೆಯಿದ್ದವರಲ್ಲಿ ಮಾತ್ರ ಅದು ಹೆಚ್ಚಾಗಿ, ದೀರ್ಘವಾಗಿ ಕಾಡುತ್ತದೆ.

ಪಂಕ್ತಿ, ಉಪವಾಸ ಮತ್ತು ಮನೆಮಂದಿಯ ಮಾತು

ನಮ್ಮಲ್ಲಿ ಉಪಚಾರವೆಂದರೆ ಒತ್ತಾಯ. ‘ಇನ್ನೊಂದು ತುತ್ತು ಉಣ್ಣವ್ವ, ನನ್ನ ಮೇಲಾಣೆ’ ಎನ್ನುವ ಅತ್ತೆಯ ಮಾತಿನಲ್ಲಿ ಅಕ್ಕರೆಯೇ ಇದೆ. ‘ಸಾಕ್ರೀ ಅತ್ತಿ, ಇಳಿಯಾಂಗಿಲ್ಲ’ ಎಂದು ಸೊಸೆ ಹೇಳಿದಾಗ ಅದನ್ನು ಅಲ್ಲಿಗೇ ಒಪ್ಪಿಕೊಳ್ಳುವುದು ಅದಕ್ಕಿಂತ ದೊಡ್ಡ ಅಕ್ಕರೆ. ಆ ಒಂದು ಹೆಚ್ಚಿನ ತುತ್ತು ಅವಳಿಗೆ ಅರ್ಧ ದಿನದ ವಾಂತಿಯನ್ನು ತಂದೀತು.

ಬಡಿಸಿದ ಪ್ರಸಾದವನ್ನು ಬಿಡಬಾರದೆಂಬ ಸಂಸ್ಕಾರದಲ್ಲಿ ಬೆಳೆದವರು ನಾವು. ಶಸ್ತ್ರಚಿಕಿತ್ಸೆಯಾದವರಿಗೆ ಈ ಸಂಸ್ಕಾರವೇ ಸಂಕಟಕ್ಕಿಟ್ಟುಕೊಳ್ಳುತ್ತದೆ; ಬಿಟ್ಟರೆ ಅಪರಾಧಭಾವ, ಉಂಡರೆ ನೋವು. ಪರಿಹಾರ ಸರಳವಾಗಿದೆ. ದೊಡ್ಡ ಗಂಗಾಳದ ಬದಲು ಚಿಕ್ಕ ಬಟ್ಟಲಿನಲ್ಲಿ ಎರಡು ಚಮಚ ಮಾತ್ರ ಬಡಿಸಬೇಕು; ಬೇಕೆಂದರೆ ಮತ್ತೆ ನೀಡಬೇಕು. ಜಾತ್ರೆ, ಮದುವೆ, ಗೃಹಪ್ರವೇಶಗಳ ಪಂಕ್ತಿಯಲ್ಲಿ ಕುಳಿತಾಗ ಒಂದು ಚಮಚ ತೊವ್ವೆಯನ್ನು ಮಾತ್ರ ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ. ಮನೆಯವರೊಬ್ಬರು ಮೊದಲೇ ಬಡಿಸುವವರಿಗೆ ತಿಳಿಸಿದರೆ ಪಂಕ್ತಿಯ ನಡುವೆ ವಿವರಿಸುವ ಮುಜುಗರ ತಪ್ಪುತ್ತದೆ.

ಶ್ರಾವಣದ ಸೋಮವಾರ, ಮಹಾಶಿವರಾತ್ರಿಗಳ ಉಪವಾಸವನ್ನು ಮೆದು ಆಹಾರದ ವಾರಗಳಲ್ಲಿ ಮಾಡಬಾರದು. ಒಂದು ದಿನದ ನೀರು ತಪ್ಪಿದರೂ ದೇಹ ಬತ್ತುವ ಕಾಲವದು. ಉಪವಾಸದ ತಿನಿಸುಗಳಾದ ಸಾಬುದಾನಿ, ಬಟಾಟೆಗಳೂ ಈ ಸಮಯಕ್ಕೆ ಒಗ್ಗವು. ರೋಗಿಗೆ, ಬಾಣಂತಿಗೆ, ಶಿಶುವಿಗೆ ವ್ರತದ ಕಟ್ಟಿಲ್ಲವೆಂಬ ನಮ್ಮ ಹಿರಿಯರ ತಿಳಿವಳಿಕೆಯನ್ನು ಇಲ್ಲಿಯೂ ಅನ್ವಯಿಸಿಕೊಳ್ಳಬೇಕು.

ಸಲೈನ್ ಹಚ್ಚಿಸುವ ಮುನ್ನ

ಈ ಲೇಖನದ ಬೇರೆ ಯಾವುದನ್ನು ಮರೆತರೂ ಈ ಭಾಗವನ್ನು ಮರೆಯಬಾರದೆಂದು ನಾವು ಓದುಗರಲ್ಲಿ ವಿನಂತಿಸುತ್ತೇವೆ. ಥಯಾಮಿನ್ ಎಂಬ ಬಿ1 ಜೀವಸತ್ವವನ್ನು ದೇಹವು ಹೆಚ್ಚು ದಿನ ಕೂಡಿಟ್ಟುಕೊಳ್ಳಲಾರದು. ಕೆಲವು ವಾರ ಸರಿಯಾಗಿ ಉಣ್ಣದಿದ್ದರೆ, ಜೊತೆಗೆ ಪದೇ ಪದೇ ವಾಂತಿಯಾದರೆ, ಅದರ ಸಂಗ್ರಹ ಬರಿದಾಗುತ್ತದೆ. ಆಗ ಕಣ್ಣಿಗೆ ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತಿನಲ್ಲಿ ಗೊಂದಲ, ಮರೆವು, ಕೈಕಾಲು ಜೋಮು ಕಾಣಿಸಿಕೊಳ್ಳುತ್ತವೆ. ವೆರ್ನಿಕೆ ಎಂಬ ಈ ಮಿದುಳಿನ ಕಾಯಿಲೆಗೆ ತಕ್ಷಣ ಚಿಕಿತ್ಸೆ ದೊರೆಯದಿದ್ದರೆ ಹಾನಿ ಶಾಶ್ವತವಾಗಬಹುದು.

ನಮ್ಮ ಊರುಗಳಲ್ಲಿ ನಿಶ್ಶಕ್ತಿಯಾದರೆ ಸಮೀಪದ ದವಾಖಾನೆಗೆ ಹೋಗಿ ಸಲೈನ್ ಹಚ್ಚಿಸಿಕೊಂಡು ಬರುವ ರೂಢಿಯಿದೆ. ಅಂಥ ಬಾಟಲಿಗಳಲ್ಲಿ ಕೆಲವು ಗ್ಲೂಕೋಸ್ ಉಳ್ಳವು. ಥಯಾಮಿನ್ ಬರಿದಾದ ದೇಹಕ್ಕೆ ಗ್ಲೂಕೋಸ್ ಮಾತ್ರ ಏರಿಸಿದರೆ, ಅದನ್ನು ಬಳಸಿಕೊಳ್ಳಲು ಉಳಿದಿದ್ದ ಚೂರುಪಾರು ಥಯಾಮಿನ್ ಕೂಡ ಖರ್ಚಾಗಿ ಕಾಯಿಲೆ ಉಲ್ಬಣಿಸಬಹುದು. ಆದ್ದರಿಂದ ಯಾವ ಊರಿನ ಯಾವ ವೈದ್ಯರ ಬಳಿ ಹೋದರೂ ಮೊದಲ ಮಾತಾಗಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿದೆಯೆಂದು ತಿಳಿಸಬೇಕು. ಗ್ಲೂಕೋಸಿಗೆ ಮುನ್ನ ಥಯಾಮಿನ್ ಚುಚ್ಚುಮದ್ದು ಬೇಕಾಗುವುದೇ ಎಂದು ಕೇಳಬೇಕು. ಚಿಕಿತ್ಸೆಯ ಹೆಸರು, ದಿನಾಂಕ, ವೈದ್ಯರ ದೂರವಾಣಿ ಸಂಖ್ಯೆಯನ್ನು ಬರೆದ ಒಂದು ಚೀಟಿ ಸದಾ ಕಿಸೆಯಲ್ಲಿರಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ನೋವುನಿವಾರಕ ಗುಳಿಗೆಗಳನ್ನು ನುಂಗಬಾರದು. ಅವುಗಳಲ್ಲಿ ಹಲವು ಹೊಸ ಜೋಡಣೆಯ ಜಾಗದಲ್ಲಿ ಹುಣ್ಣನ್ನುಂಟುಮಾಡುತ್ತವೆ.

ಚಿಕಿತ್ಸೆಗೆ ಮುನ್ನವೇ ಆಗಬೇಕಾದ ಕೆಲಸ

ಆರಿಸಿ ಉಣ್ಣುವವರು ಈ ಚಿಕಿತ್ಸೆಗೆ ಅನರ್ಹರೆಂದು ನಾವು ಹೇಳುತ್ತಿಲ್ಲ. ಅವರ ಸಿದ್ಧತೆ ಉಳಿದವರಿಗಿಂತ ಒಂದು ತಿಂಗಳು ಮೊದಲೇ ಆರಂಭವಾಗಬೇಕು, ಅಷ್ಟೆ. ಒಂದು ಹಾಳೆಯಲ್ಲಿ ತಾವು ನಿಶ್ಚಯವಾಗಿ ಉಣ್ಣುವ ಮೆದು ಪದಾರ್ಥಗಳನ್ನು ಬರೆಯಬೇಕು. ಮೊದಲು ಮೂರೇ ದೊರೆತರೂ ಚಿಂತೆಯಿಲ್ಲ. ಇನ್ನೊಂದು ಸಾಲಿನಲ್ಲಿ ‘ಪ್ರಯತ್ನಿಸಬಹುದು’ ಎನ್ನುವಂಥವನ್ನು, ಮೂರನೆಯದರಲ್ಲಿ ‘ಎಂದಿಗೂ ಆಗದು’ ಎನ್ನುವಂಥವನ್ನು ಬರೆಯಬೇಕು. ಹಾಳೆಯನ್ನು ಆಸ್ಪತ್ರೆಯ ಆಹಾರತಜ್ಞರ ಮುಂದಿಟ್ಟು, ಮೊದಲ ಸಾಲಿನಲ್ಲಿರುವುದರಿಂದಲೇ 60 ಗ್ರಾಂ ಪ್ರೋಟೀನನ್ನು ಹೇಗೆ ಕೂಡಿಸಬಹುದೆಂದು ಕೇಳಬೇಕು. ಪ್ರೋಟೀನ್ ಪುಡಿಯ ದೊಡ್ಡ ಡಬ್ಬಿಯನ್ನು ಕೊಳ್ಳುವ ಮೊದಲು ಚಿಕ್ಕ ಪೊಟ್ಟಣಗಳನ್ನು ತಂದು ರುಚಿ ನೋಡಬೇಕು. ಚಿಕಿತ್ಸೆಯ ನಂತರ ರುಚಿ ಬದಲಾಗಬಹುದಾದ್ದರಿಂದ ಒಂದೇ ಬಗೆಯನ್ನು ಹೆಚ್ಚು ಕೂಡಿಡಬಾರದು. ಸಾವಕಾಶವಾಗಿ ಅಗಿಯುವ, ಊಟದೊಡನೆ ನೀರು ಕುಡಿಯದಿರುವ ಅಭ್ಯಾಸವನ್ನೂ ಆಗಿನಿಂದಲೇ ರೂಢಿಸಿಕೊಳ್ಳಬೇಕು. ಆಹಾರದ ಬಗೆಗಿನ ಹೇಸಿಗೆ ಅಥವಾ ಭಯ ತೀವ್ರವಾಗಿದ್ದರೆ ಅದನ್ನು ಬಚ್ಚಿಡದೆ ಮನೋವೈದ್ಯರ ನೆರವನ್ನು ಪಡೆಯಬೇಕು.

ಮೆದು ಆಹಾರದ ವಾರಗಳು ಮುಗಿದ ಮೇಲೆ ಪದಾರ್ಥಗಳು ಒಂದೊಂದಾಗಿ ಮರಳಿ ಬರುತ್ತವೆ. ಚೆನ್ನಾಗಿ ಅಗಿದರೆ ಜೋಳದ ರೊಟ್ಟಿಯ ಚಿಕ್ಕ ತುಣುಕೂ ಒಂದು ದಿನ ಇಳಿಯುತ್ತದೆ. ಅಲ್ಲಿಯವರೆಗೆ ಮನೆಯವರು ಮಾಡಬಹುದಾದ ಸಹಾಯವೆಂದರೆ, ಒಲ್ಲೆ ಎಂಬ ಮಾತು ಕೇಳಿದಾಗ ಗದರದೆ, ‘ಯಾವುದು ಆಗುತ್ತಿಲ್ಲ, ವಾಸನೆಯೋ, ಮೆತ್ತಗಿರುವುದೋ, ಇಳಿಯುತ್ತಿಲ್ಲವೋ’ ಎಂದು ಶಾಂತವಾಗಿ ಕೇಳುವುದು. ಅವರು ಕೊಡುವ ಉತ್ತರದಿಂದಲೇ ಅಡುಗೆಯನ್ನು ಬದಲಿಸಬೇಕೋ, ಹೊತ್ತು ಕಾಯಬೇಕೋ, ವೈದ್ಯರಿಗೆ ಕರೆ ಮಾಡಬೇಕೋ ಎಂಬುದು ನಿರ್ಧಾರವಾಗುತ್ತದೆ.